ಗ್ಯಾರೇಜಿನಲ್ಲಿ ಬಾಯಿ ಬಿಡದ ಲೊಟಕ್

ನನ್ನ ಕಾರಿನಷ್ಟು ದೊಡ್ಡ ಸುಳ್ಳುಗಾರನನ್ನು ನಾನು ಇನ್ನೂ ನೋಡಿಲ್ಲ. ಈ ಮಾತನ್ನು ನಾಲ್ಕು ಊರಿನ ನಾಲ್ಕು ಮೆಕ್ಯಾನಿಕ್‌ಗಳ ಎದುರು ಹೇಳಿದ್ದೇನೆ. ನಾಲ್ವರೂ ಕಾರಿನ ಕಡೆಗೇ ನಿಂತು, ನನ್ನನ್ನೇ ಅನುಮಾನದಿಂದ ನೋಡಿದರು. ರಸ್ತೆಯಲ್ಲಿ ಹಂಪ್ ಹತ್ತಿಳಿದರೆ ಸಾಕು, ಮುಂದಿನ ಎಡಗಡೆಯಿಂದ ‘ಲೊಟಕ್’ ಅನ್ನುತ್ತಿತ್ತು. ಗುಂಡಿಗೆ ಇಳಿದರೆ ಎರಡು ಸಲ ಅನ್ನುತ್ತಿತ್ತು. ಅದೇ ಕಾರು ಗ್ಯಾರೇಜಿನ ಬೋರ್ಡು ಕಂಡ ಕೂಡಲೇ, ಹೆಡ್‌ಮಾಸ್ಟರು ಬಂದಾಗ ಏಳನೇ ಕ್ಲಾಸಿನ ಪೋಲಿ ಕೈಕಟ್ಟಿ ಕೂರುವ ಹಾಗೆ ಕೂತುಬಿಡುತ್ತಿತ್ತು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಮೇಡಂ ಅನ್ನಬೇಕು, ಆದರೆ ನನ್ನ ಗಂಟಲು ಕೇಳಿದವರೆಲ್ಲ ಮೇಷ್ಟರು ಅಂತಲೇ ಅನ್ನುತ್ತಾರೆ. ಮನೆ ಮುಳಬಾಗಿಲಿನಲ್ಲಿ, ಶಾಲೆ ಶ್ರೀನಿವಾಸಪುರದ ಕಡೆ ಹೋಗುವ ರಸ್ತೆಯಲ್ಲಿ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಯಜಮಾನರು ವೇಮಗಲ್‌ನ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ, ಬೆಳಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಹೋಗಿ ಸಂಜೆ ಅದರಲ್ಲೇ ಬರುತ್ತಾರೆ. ಅವರಿಗೆ ಸ್ಟೇರಿಂಗ್ ಅಂದರೆ ಹೆದರಿಕೆ. ಆದ್ದರಿಂದ ನಲವತ್ತಾರನೇ ವಯಸ್ಸಿನಲ್ಲಿ ನಾನೇ ಡ್ರೈವಿಂಗ್ ಕಲಿತು, ನಿವೃತ್ತರಾದ ಸಹೋದ್ಯೋಗಿಯೊಬ್ಬರ ಹಳೇ ಸಣ್ಣ ಕಾರನ್ನು ತೆಗೆದುಕೊಂಡೆ.

ಮೊದಲ ದಿನ ಅದರಲ್ಲಿ ನನ್ನ ಜೊತೆ ಕೂರಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಯಜಮಾನರು ಗೇಟು ಹಿಡಿದು ನಿಂತು, "ನೀನು ಒಂದು ರೌಂಡ್ ಹೋಗ್ಬಾ, ಆಮೇಲೆ ನೋಡೋಣ" ಅಂದರು. ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. "ನೀನ್ ಓಡ್ಸೇ. ಹೋದ್ರೆ ಇಬ್ರೂ ಹೋಗೋಣ" ಅಂದರು. ಅವತ್ತಿನಿಂದ ಆ ಸೀಟು ಅವರದ್ದೇ. ಯಜಮಾನರು ಬಂದರೆ ಹಿಂದೆ ಕೂರಬೇಕು.

ಅತ್ತೆಗೆ ಎಪ್ಪತ್ತೊಂದು. ಮೈ ಕೈ ತುಂಬಿಕೊಂಡ ದೊಡ್ಡ ಆಳು. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗದ ಕೆಲಸ. ಶ್ರೀನಿವಾಸಪುರದಲ್ಲಿ ಅವರ ಅಕ್ಕ ಇದ್ದಾರೆ, ಇವರಿಗಿಂತ ಐದು ವರ್ಷಕ್ಕೆ ದೊಡ್ಡವರು. ಕಾರು ಬರುವ ಮುಂಚೆ ಅಕ್ಕತಂಗಿ ಸೇರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಯಾರದಾದರೂ ಮದುವೆಯಲ್ಲಿ, ನೂರು ಜನರ ನಡುವೆ. ಕಾರು ಬಂದ ಮೇಲೆ ಹದಿನೈದು ದಿನಕ್ಕೊಂದು ಭಾನುವಾರ ನಾವು ಹೊರಡುತ್ತಿದ್ದೆವು. ಇಬ್ಬರೂ ಹನ್ನೊಂದು ಗಂಟೆಗೆ ಚೌಕಾಬಾರ ಹಾಸಿಕೊಂಡು ಕೂತರೆ ನಾಲ್ಕರವರೆಗೂ ಏಳುತ್ತಿರಲಿಲ್ಲ. ಕವಡೆ ಹಾಕುವುದರಲ್ಲಿ ಇಬ್ಬರೂ ಮೋಸ ಮಾಡುತ್ತಿದ್ದರು, ಇಬ್ಬರೂ ತೆಲುಗಿನಲ್ಲಿ ಬೈದಾಡುತ್ತಿದ್ದರು, ಊಟಕ್ಕೆ ಎದ್ದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದರು. ವಾಪಸ್ಸು ಬರುವಾಗ ಅತ್ತೆಯ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿರುತ್ತಿತ್ತು. "ನಂಗೆ ಕಾಶಿ ಬೇಡ, ರಾಮೇಶ್ವರ ಬೇಡ, ಶ್ರೀನಿವಾಸಪುರ ಒಂದ್ ತಪ್ಪಿಸ್ಬೇಡ ತಾಯಿ" ಅನ್ನುತ್ತಿದ್ದರು.

ಹೀಗೆ ಹೋಗುವಾಗಲೇ ಒಂದು ಭಾನುವಾರ ಆ ಸದ್ದು ಶುರುವಾಯಿತು. ಮಾವಿನ ಕಾಲ, ರಸ್ತೆಯ ತುಂಬ ಮಾವಿನಕಾಯಿ ಲಾರಿ. ಒಂದು ಹಂಪ್ ಇಳಿಯುತ್ತಿದ್ದಂತೆ ಲೊಟಕ್.

"ಏನೋ ಬಿತ್ತು ಕಣೇ" ಅಂದರು ಅತ್ತೆ.

ಕಾರು ನಿಲ್ಲಿಸಿ, ಬಗ್ಗಿ, ರಸ್ತೆಯನ್ನೆಲ್ಲ ನೋಡಿದೆ. ಏನೂ ಬಿದ್ದಿರಲಿಲ್ಲ. ಮುಂದಿನ ಹಂಪಿನಲ್ಲಿ ಮತ್ತೆ ಲೊಟಕ್. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಹದಿನಾಲ್ಕು ಸಲ ಆಯಿತು ಅಂತ ಅತ್ತೆ ಬೆರಳು ಮಡಚಿ ಲೆಕ್ಕ ಕೊಟ್ಟರು. ವಾರದ ದಿನಗಳಲ್ಲಿ ಶಾಲೆಗೆ ಒಬ್ಬಳೇ ಹೋಗುವಾಗ ಸದ್ದಿಲ್ಲ. ನಮ್ಮ ಶಾಲೆಯವರೆಗೆ ಹೊಸದಾಗಿ ಟಾರು ಹಾಕಿದ್ದಾರೆ, ಕೆಟ್ಟ ರಸ್ತೆ ಶುರುವಾಗುವುದೇ ಶಾಲೆ ದಾಟಿದ ಮೇಲೆ, ಅದಕ್ಕೇ ಇರಬೇಕು ಅಂದುಕೊಂಡೆ. ಮಕ್ಕಳಿಗೆ ದಿನಾ ಬಡಿದು ಬಡಿದು ಹೇಳುವವಳು ನಾನು, ಪ್ರಯೋಗ ಮಾಡುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಿ ಅಂತ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮೊದಲು ಮುಳಬಾಗಿಲಿನಲ್ಲೇ ತೋರಿಸಿದೆ. ಆ ಮೆಕ್ಯಾನಿಕ್ ಸಾಹೇಬರು ಐವತ್ತು ದಾಟಿದ ಮರ್ಯಾದಸ್ಥ ಮನುಷ್ಯ. ಕಾರು ನಿಂತ ಕೂಡಲೇ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಬಟ್ಟೆಯಲ್ಲಿ ಒರೆಸಿ, ಹೊಂಗೆ ಮರದ ನೆರಳಲ್ಲಿ ಹಾಕಿದರು. "ಅಮ್ಮಾ, ನೀವು ಇಳ್ದು ಆರಾಮಾಗಿ ಕೂತ್ಕೊಳ್ಳಿ" ಅಂದರು. ಅತ್ತೆ ಇಳಿದು ಕೂತರು. ಟೀ ಬಂತು. ಸಾಹೇಬರು ಸ್ಟೇರಿಂಗ್ ಹಿಡಿದು, ನನ್ನನ್ನು ಹಿಂದೆ ಕೂರಿಸಿಕೊಂಡು, ಎರಡು ಹಂಪ್ ಹತ್ತಿಸಿ ಇಳಿಸಿದರು. ಪಿಟ್ಟೆನ್ನಲಿಲ್ಲ.

"ಎಲ್ಲಿ ಮೇಡಂ ಸದ್ದು?"

"ಈಗ ತಾನೇ ಬರ್ತಿತ್ತು ಸಾಹೇಬ್ರೇ, ದೇವರಾಣೆ!"

ಡಿಕ್ಕಿಯಲ್ಲಿ ಜಾಕು ಅಲ್ಲಾಡುತ್ತಿರಬೇಕು ಅಂತ ಅದನ್ನು ಗೋಣಿಚೀಲದಲ್ಲಿ ಸುತ್ತಿ ಕಳಿಸಿದರು. ಅತ್ತೆ ಹತ್ತಿ ಕೂತರು, ಹೊರಟೆವು. ನಮ್ಮ ಬೀದಿಯ ತಿರುವಿನ ಹಂಪಿನಲ್ಲಿ ಲೊಟಕ್.

ಎರಡನೆಯದು ಶ್ರೀನಿವಾಸಪುರ. ಅಲ್ಲಿ ಕುರ್ಚಿ ಹುಣಸೆ ಮರದ ಕೆಳಗೆ ಬಂತು, ಜೊತೆಗೆ ಮೆಕ್ಯಾನಿಕ್ಕಿನ ಹೆಂಡತಿಯ ಕೈಯಿಂದ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು. ನಾನೂ ಮೆಕ್ಯಾನಿಕ್ಕೂ ಒಂದು ಸುತ್ತು ಹಾಕಿ, ಸದ್ದಿಲ್ಲದೆ, ಮುಖ ಗಂಟಿಕ್ಕಿಕೊಂಡು ಬರುವಷ್ಟರಲ್ಲಿ ಅತ್ತೆ ಅವನ ಹೆಂಡತಿಯ ತವರೂರು, ಮಕ್ಕಳೆಷ್ಟು, ಅತ್ತಿಗೆಗೂ ಅವಳಿಗೂ ಯಾಕೆ ಮಾತಿಲ್ಲ, ಎಲ್ಲ ತಿಳಿದುಕೊಂಡಿದ್ದರು. ಅವನು ಸಿಕ್ಕಿದ ನಟ್ಟನ್ನೆಲ್ಲ ಬಿಗಿಮಾಡಿ, ಕಂಡ ಕಡೆಗೆಲ್ಲ ಗ್ರೀಸು ಬಳಿದ. ಅತ್ತೆ ಕೂತರು. ಲೊಟಕ್.

ಮೂರನೆಯದು ಕೋಲಾರದ ದೊಡ್ಡ ವರ್ಕ್‌ಶಾಪು. ಅಲ್ಲಿ ಕುರ್ಚಿಯಲ್ಲ, ಏಸಿ ಕೋಣೆ, ಸೋಫಾ, ಟೀವಿ, ಪೇಪರ್ ಲೋಟದಲ್ಲಿ ಕಾಫಿ. "ಅಮ್ಮನವರು ಒಳಗೆ ಕೂತಿರಲಿ" ಅಂತ ಒಬ್ಬ ಟೈ ಕಟ್ಟಿದವನು ಅವರ ಕೈ ಹಿಡಿದು ಕರೆದುಕೊಂಡು ಹೋದ. ಕಾರನ್ನು ಆಳೆತ್ತರಕ್ಕೆ ಎತ್ತಿ, ಚಕ್ರ ಹಿಡಿದು ಅಲ್ಲಾಡಿಸಿ, ಟಾರ್ಚು ಬಿಟ್ಟು ನೋಡಿ, ಅದೇನೋ ಲಿಂಕ್ ರಾಡ್ ಅಂತ ಒಂದನ್ನು ಬದಲಾಯಿಸಿ, ‘ದೋಷ ಕಂಡುಬಂದಿಲ್ಲ’ ಅಂತ ಬರೆದ ಕಾಗದ ಕೊಟ್ಟರು. ಕೋಲಾರ ದಾಟುವ ಮುಂಚೆಯೇ ಲೊಟಕ್. ಆ ಕಾಗದವನ್ನು ಕಾರಿಗೆ ತೋರಿಸಿ ಬೈದೆ. ಅತ್ತೆಗೆ ಮಾತ್ರ ಬಹಳ ಸಂತೋಷವಾಗಿತ್ತು. "ಇಲ್ಲೀದೇ ಚೆನ್ನಾಗಿತ್ತು ಕಣೇ, ಇನ್ನೊಂದ್ ಸಲ ಇಲ್ಲಿಗೇ ಬರೋಣ" ಅಂದರು.

ನಾಲ್ಕನೆಯದು ಮಾಲೂರು. ಅಲ್ಲೊಬ್ಬರಿದ್ದಾರೆ, ನಾಡಿ ಹಿಡಿದ ಹಾಗೆ ಸದ್ದು ಕೇಳಿಯೇ ರೋಗ ಹೇಳುತ್ತಾರೆ ಅಂತ ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಯಾರೋ ಹೇಳಿದ್ದರು. ಹೋದೆವು. ಅವರು ಕುರ್ಚಿ ಸಾಲದು ಅಂತ ಅತ್ತೆಗೆ ಮಂಚವನ್ನೇ ಹಾಕಿಸಿದರು. ಆಮೇಲೆ ನನ್ನ ಪಕ್ಕ ಕಣ್ಣು ಮುಚ್ಚಿ ಕೂತು, ಟೇಕಲ್ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಅಂದರು. ಓಡಿಸಿದೆ. ಆ ಮನುಷ್ಯ ಕಡ್ಡಿಯ ಹಾಗಿದ್ದರು, ನಿದ್ದೆ ಬಂದವರ ಹಾಗೆ ತಲೆದೂಗುತ್ತಿದ್ದರು. ಗುಂಡಿ, ಹಂಪು, ಕಲ್ಲು, ಹುಡುಕಿ ಹುಡುಕಿ ಹತ್ತಿಸಿದೆ. ಸದ್ದಿಲ್ಲ. ವಾಪಸ್ಸು ಬಂದು ಕಣ್ಣು ಬಿಟ್ಟು, ಬಹಳ ಮೆಲ್ಲಗೆ ಕೇಳಿದರು: "ಮೇಡಂ, ಸ್ಕೂಲಲ್ಲಿ ಗಲಾಟೆ ಜಾಸ್ತಿನಾ? ಕಿವಿಗೆ ಒಂದ್ಸಲ ತೋರಿಸ್ಕೊಳ್ಳಿ."

ಮೈಯೆಲ್ಲ ಉರಿದುಹೋಯಿತು. ನನ್ನ ಕಿವಿಗೆ, ಕೊನೇ ಬೆಂಚಿನಲ್ಲಿ ಕಡಲೆಕಾಯಿ ಸಿಪ್ಪೆ ಸುಲಿದರೂ ಕೇಳುತ್ತದೆ!

ಈಗ ಯೋಚಿಸಿದರೆ ಯಾರನ್ನೂ ದೂರುವ ಹಾಗಿಲ್ಲ. ನಮ್ಮ ಕಡೆ ಗ್ಯಾರೇಜಿನಲ್ಲಿ ನಟ್ಟು ಬಿಚ್ಚಲು ಪಾನಾ ಇಲ್ಲದಿರಬಹುದು, ಹಿರಿಯರು ಬಂದರೆ ಕುರ್ಚಿ ಬರದೆ ಇರುವುದಿಲ್ಲ. ವಯಸ್ಸಾದ ಹೆಂಗಸನ್ನು ಒಳಗೆ ಕೂರಿಸಿಕೊಂಡು ಹಂಪ್ ಎಗರಿಸುವುದೂ ಉಂಟೇ? ನಾಲ್ಕು ಊರಿನ ಮರ್ಯಾದೆಯೂ ಸೇರಿ ಆ ಸದ್ದನ್ನು ಮುಚ್ಚಿಹಾಕಿತ್ತು.

ಮಾಲೂರಿನಿಂದ ವಾಪಸ್ಸು ಬರುವಾಗ ಕೋಲಾರದಲ್ಲಿ ಒಂದು ಬಸ್‌ಸ್ಟಾಪಿನ ಹತ್ತಿರ ಅತ್ತೆ ಹುರಿದ ಕಡಲೆಕಾಯಿ ತರುತ್ತೇನೆಂದು ಇಳಿದರು. ನಾನು ಮುಂದೆ ಹೋಗಿ ಕಾರು ತಿರುಗಿಸಿಕೊಂಡು ಬಂದೆ. ಸ್ಟಾಪಿನ ಪಕ್ಕದಲ್ಲೇ ದಪ್ಪನೆಯ ಹಂಪ್ ಇತ್ತು. ಹೋಗುವಾಗ ಸದ್ದಿಲ್ಲ, ಬರುವಾಗ ಸದ್ದಿಲ್ಲ. ಅತ್ತೆ ಹತ್ತಿ ಕೂತರು. ಅದೇ ಹಂಪ್, ಲೊಟಕ್.

ತಲೆಯಲ್ಲಿ ದೀಪ ಹತ್ತಿತು. "ಅತ್ತೆ, ಸ್ವಲ್ಪ ಇಳೀರಿ" ಅಂದೆ. ಇಳಿದರು. ಸದ್ದಿಲ್ಲ. "ಹತ್ತಿ." ಲೊಟಕ್. "ಇನ್ನೊಂದ್ಸಲ ಇಳೀರಿ." ಮಂಡಿ ಹಿಡಿದುಕೊಂಡು ಇಳಿದರು, ಪಾಪ. ಸದ್ದಿಲ್ಲ. "ಹತ್ತಿ." ಲೊಟಕ್!

"ಅತ್ತೆ!" ಅಂತ ಕಿರುಚಿದೆ. ಕಿಟಕಿ ಇಳಿಸಿಯೇ ಇತ್ತು. "ನೀವೇ! ಎಲ್ಲಾ ನಿಮ್ಮಿಂದಾನೇ! ನೀವು ಕೂತ್ರೆ ಮಾತ್ರ ಸದ್ದು! ನಿಮ್ಮ ಭಾರಕ್ಕೆ ಬರ್ತಿರೋದು!"

ನನ್ನ ಗಂಟಲಿನ ವಿಷಯ ಆಗಲೇ ಹೇಳಿದ್ದೇನೆ. ಕಡಲೆಕಾಯಿಯವನು ನಕ್ಕ. ಬಸ್ಸಿಗೆ ಕಾಯುತ್ತಿದ್ದ ಮೂರು ನಾಲ್ಕು ಜನ ಬಗ್ಗಿ ಒಳಗೆ ಯಾರು ಕೂತಿದ್ದಾರೆಂದು ನೋಡಿದರು. ಅತ್ತೆ ಬಿಚ್ಚಿದ ಕಡಲೆಕಾಯಿ ಪೊಟ್ಟಣವನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಕೋಲಾರದಿಂದ ಮುಳಬಾಗಿಲಿನವರೆಗೆ ಕಣ್ಣು ಮುಚ್ಚಿ ಸೀಟಿಗೆ ಒರಗಿಕೊಂಡಿದ್ದರು. ನಿದ್ದೆ ಬಂದಿರಬೇಕು ಅಂದುಕೊಂಡೆ. ರೋಗ ಸಿಕ್ಕಿತಲ್ಲ ಅನ್ನುವ ಖುಷಿಗೆ ನಾನು ದಾರಿಯುದ್ದ ಗುನುಗುತ್ತ ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಐದನೇ ಕ್ಲಾಸಿನಲ್ಲೇ ಓದಿದ್ದೆ, ಆದರೆ ನಾನು ವಿಜ್ಞಾನದವಳಲ್ಲವೇ, ಗಾದೆಗೂ ನನಗೂ ದೂರ.

ಮುಂದಿನ ಭಾನುವಾರ ಬೆಳಗ್ಗೆ ಕಾರು ತೊಳೆದು ನಿಲ್ಲಿಸಿ ಕರೆದೆ. "ಮಂಡಿ ನೋವು ಜಾಸ್ತಿ ಇದೆ, ನಾನ್ ಬರಲ್ಲಮ್ಮ" ಅಂದರು. ಅದರ ಮುಂದಿನ ಸರದಿಗೆ, "ಅಕ್ಕನಿಗೂ ವಯಸ್ಸಾಯ್ತು, ಹೋಗಿ ಹೋಗಿ ಯಾಕೆ ತೊಂದ್ರೆ ಕೊಡೋದು" ಅಂದರು. ಯಜಮಾನರಿಗೆ ಅನುಮಾನ ಬಂತು.

"ಏನಂದೆ ಅಮ್ಮಂಗೆ?"

"ಏನೂ ಇಲ್ಲ ರೀ. ವಿಜ್ಞಾನ ಹೇಳ್ದೆ."

"ಯಾವ ವಿಜ್ಞಾನ?"

ಹೇಳಿದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ನಡು ರಸ್ತೇಲಿ, ಹತ್ತು ಜನದ ಮುಂದೆ, ನಮ್ಮಮ್ಮನ್ನ ದಪ್ಪ ಅಂದ್ಯಾ?"

"ಆ ಪದಾನೇ ಬಳಸಿಲ್ಲ ರೀ ನಾನು!"

"ಬಳಸೋದೊಂದು ಬಾಕಿ ಇತ್ತು!"

ಅಷ್ಟಕ್ಕೆ ಬುದ್ಧಿ ಬಂದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅತ್ತೆಗೆ ತೊಂದರೆಯಿಲ್ಲದೆ ಸದ್ದು ಬರಿಸುವ ಉಪಾಯ ಹೂಡಿದೆ. ಮನೆಯಲ್ಲಿ ಐವತ್ತು ಕೆಜಿಯ ರಾಗಿ ಮೂಟೆ ಇತ್ತು. ಪಕ್ಕದ ಮನೆಯವರನ್ನು ಕರೆದು, ಅದನ್ನು ಹೊತ್ತು ತಂದು, ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನೂ ಹಾಕಿ ಬೀದಿಯ ಕೊನೆಯವರೆಗೆ ಹೋಗಿಬಂದೆ. ಸದ್ದಿಲ್ಲ. ಮೂಟೆ ಹಗುರವಾಯಿತೇನೋ ಅನ್ನಿಸಿತು. ಒಳಗೆ ಓಡಿಬಂದು, ಉಸಿರು ಬಿಡುತ್ತ ಕೇಳಿಯೇಬಿಟ್ಟೆ: "ಅತ್ತೆ, ನಿಮ್ಮ ತೂಕ ಎಷ್ಟು?"

ಅವರು ಕಿಟಕಿಯ ಹತ್ತಿರವೇ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು.

"ನನ್ ಜಾಗಕ್ಕೆ ಮೂಟೆ ತಂದು ಕೂರ್ಸಾಯ್ತಲ್ಲಮ್ಮ, ಇನ್ನು ನನ್ ತೂಕ ಕಟ್ಕೊಂಡು ಏನಾಗ್ಬೇಕು" ಅಂದು ತಮ್ಮ ಕೋಣೆಗೆ ಹೋದರು.

ಆಗ ಗೊತ್ತಾಯಿತು, ನಾನೆಂಥ ಕೆಲಸ ಮಾಡಿದ್ದೆ ಅಂತ. ಆದರೆ ಕ್ಷಮೆ ಕೇಳುವುದು ನನಗೆ ಬರದ ವಿದ್ಯೆ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತ ದಿನ ತಳ್ಳಿದೆ. ಮನೆಯಲ್ಲಿ ಅತ್ತೆ ಎಂದಿನ ಹಾಗೇ ಇದ್ದರು. ಸೊಪ್ಪು ಬಿಡಿಸುತ್ತಿದ್ದರು, ಧಾರಾವಾಹಿ ನೋಡುತ್ತಿದ್ದರು. ರಾತ್ರಿ ಮಾತ್ರ ಮುದ್ದೆ ಬೇಡ, ಒಂದು ಲೋಟ ಮಜ್ಜಿಗೆ ಸಾಕು ಅನ್ನುತ್ತಿದ್ದರು. ವಯಸ್ಸಾದವರಿಗೆ ಹಸಿವು ಕಡಿಮೆ ಅಂದುಕೊಂಡೆ.

ಎರಡು ತಿಂಗಳಾಗುತ್ತ ಬಂದಾಗ ಶ್ರೀನಿವಾಸಪುರದಿಂದ ದೊಡ್ಡತ್ತೆಯ ಫೋನು ಬಂತು, ನೇರ ನನಗೇ.

"ಏನಮ್ಮಾ, ನನ್ ತಂಗಿಗೆ ಏನಾಗಿದೆ? ಇದ್ದಿದ್ ಇದ್ದಂಗೆ ಹೇಳ್ಬಿಡು. ಕೇಳಿದ್ರೆ ಮಂಡಿ ಅಂತಾಳೆ, ಕೆಲ್ಸ ಅಂತಾಳೆ. ಮಂಡಿ ಏನು ಇವತ್ತು ಹುಟ್ತಾ? ಆವತ್ತು ಕವಡೇಲಿ ಮೋಸ ಮಾಡ್ದೆ ಅಂತ ಬೈದ್ನಲ್ಲ, ಅದುನ್ನ ಮನ್ಸಿಗೆ ಹಾಕ್ಕೊಂಡ್ಳಾ? ಇನ್ಮೇಲೆ ಬೈಯಲ್ಲ ಅಂತ ಹೇಳು. ಅವಳೇ ಗೆಲ್ಲಲಿ."

ಎಪ್ಪತ್ತಾರು ವರ್ಷದ ಹೆಂಗಸು ತನ್ನದಲ್ಲದ ತಪ್ಪಿಗೆ ಸೋಲಲು ತಯಾರಾಗಿದ್ದರು. ಫೋನು ಇಟ್ಟು ನೇರ ಅಡುಗೆಮನೆಗೆ ಹೋದೆ. ಅತ್ತೆ ಕೊತ್ತಂಬರಿ ಬಿಡಿಸುತ್ತ ಕೂತಿದ್ದರು.

"ಅತ್ತೆ, ತಪ್ಪಾಯ್ತು."

"ಏನ್ ತಪ್ಪಾಯ್ತು?"

ಬಿಡುವವರಲ್ಲ ಅವರು. ಪೂರ್ತಿ ಹೇಳಿಸಿದರು. ಕೋಲಾರದ ಬಸ್‌ಸ್ಟಾಪು, ಕಡಲೆಕಾಯಿಯವನು ನಕ್ಕಿದ್ದು, ರಾಗಿ ಮೂಟೆ, ಬೆಲ್ಟು, ತೂಕ ಕೇಳಿದ್ದು, ಎಲ್ಲ. ಮೂಟೆಗೆ ಬೆಲ್ಟು ಹಾಕಿದ್ದನ್ನು ಹೇಳುವಾಗ ಅವರ ತುಟಿ ಒಂದು ಸ್ವಲ್ಪ ಅಲುಗಿತು, ನಗುವೋ ಅಳುವೋ ಗೊತ್ತಾಗಲಿಲ್ಲ.

"ನನ್ ತಂಗಿ ಕಾರಲ್ಲಿ ಬರ್ತಾಳೆ ಅಂತ ಅಕ್ಕ ಬೀದಿಗೆಲ್ಲ ಹೇಳ್ಕೊಂಡಿದ್ದಾಳೆ" ಅಂದರು. "ಇವಳು ಕೂತ್ರೆ ಕಾರು ಕೂಗ್ಕೊಳ್ಳುತ್ತೆ ಅಂತ ಅಲ್ಲೂ ಗೊತ್ತಾಗ್ಬೇಕಾ?"

"ಅದುನ್ನ ರಿಪೇರಿ ಮಾಡಿಸ್ಕೊಂಡೇ ಹೋಗೋಣ ಅತ್ತೆ. ಆದ್ರೆ ನೀವು ಇದ್ರೇನೇ ಅದು ಬಾಯಿ ಬಿಡೋದು. ನನ್ ಕೈಲಿ ಆಗಲ್ಲ, ಮೂಟೆ ಕೈಲೂ ಆಗ್ಲಿಲ್ಲ."

ಅತ್ತೆ ಬಹಳ ಹೊತ್ತು ಕೊತ್ತಂಬರಿ ಬಿಡಿಸಿದರು. ಆಮೇಲೆ, "ಭಾನುವಾರ ಹೋಗೋಣ" ಅಂದರು.

ಭಾನುವಾರ ಅಕ್ಕನಿಗೆಂದು ಒಂದು ದೊಡ್ಡ ಚೀಲ ತುಂಬಿಸಿಕೊಂಡರು: ಉಪ್ಪಿನಕಾಯಿ ಜಾಡಿ, ಬೆಲ್ಲ, ಎರಡು ತೆಂಗಿನಕಾಯಿ, ಹುಣಸೆಹಣ್ಣು. ಕಾರು ಸರಿಹೋದರೆ ಅಲ್ಲಿಂದಲೇ ಹೊರಡುವುದು ಅಂತ. ಚೀಲ ಹಿಂದಿನ ಸೀಟಿನಲ್ಲಿಟ್ಟು ಮುಳಬಾಗಿಲಿನ ಸಾಹೇಬರ ಗ್ಯಾರೇಜಿಗೇ ಹೋದೆವು. ಸಾಹೇಬರು ನಮ್ಮನ್ನು ನೋಡಿದ್ದೇ ಕುರ್ಚಿ ಒರೆಸಿಕೊಂಡು ಬಂದರು.

ಅತ್ತೆ ಬಾಗಿಲಿನ ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. "ಕುರ್ಚಿ ಬೇಡಪ್ಪ. ಇವತ್ತು ನಾನು ಇಳಿಯಲ್ಲ. ಗಾಡಿ ನನ್ ಜೊತೇಲೇ ನೋಡ್ಬೇಕು."

"ಅಯ್ಯೋ ಅಮ್ಮಾ, ನಿಮ್ಮನ್ನ ಕೂರಿಸ್ಕೊಂಡು ಹಂಪ್ ಹತ್ತಿಸ್ಲಾ?"

"ಹತ್ಸಪ್ಪ. ಏನೂ ಆಗಲ್ಲ."

ನಾನು ಹಿಂದೆ ಚೀಲದ ಪಕ್ಕ ಕೂತೆ. ಸಾಹೇಬರು ಬಿಸ್ಮಿಲ್ಲಾ ಅಂದು ಹೊರಟರು. ಮೊದಲ ಹಂಪ್ ಬಂತು. ನಾವು ಮೂವರೂ ಉಸಿರು ಹಿಡಿದೆವು.

ಸದ್ದಿಲ್ಲ.

ಎರಡನೇ ಹಂಪ್. ಸದ್ದಿಲ್ಲ. ತಿರುಗಿಸಿಕೊಂಡು ಬಂದು ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಸದ್ದಿಲ್ಲ. ನನಗೆ ಕಾರಿನ ಮೇಲೆ ಬಂದ ಸಿಟ್ಟು ಹೇಳತೀರದು. ಎರಡು ತಿಂಗಳು ಒಂದು ಮನೆಯ ನೆಮ್ಮದಿ ಕೆಡಿಸಿ, ಈಗ ಹೀಗೆ ಕೂತಿದೆಯಲ್ಲ! ಏನೋ ಬೈಯಲು ಬಾಯಿ ತೆರೆದವಳ ಕಣ್ಣು ಅತ್ತೆಯ ಕೈ ಮೇಲೆ ಬಿತ್ತು. ಮೇಲಿನ ಹಿಡಿಯನ್ನು ಹಿಡಿದಿದ್ದ ಕೈ. ಸೋಪು ಹಚ್ಚಿ ತೆಗೆಯಬೇಕಾಗಿದ್ದ ಬಳೆಗಳು ಮೊಣಕೈವರೆಗೆ ಜಾರಿಹೋಗಿದ್ದವು. ರವಿಕೆಯ ತೋಳು ಸಡಿಲವಾಗಿ ನೇತಾಡುತ್ತಿತ್ತು. ದಿನಾ ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ.

"ಅತ್ತೆ" ಅಂದೆ. ನನ್ನ ಗಂಟಲು ಆ ದಿನ ಒಂದೇ ದಿನ ಸಣ್ಣದಾಗಿತ್ತು. "ರಾತ್ರಿ ಊಟ ಬಿಟ್ಟಿದ್ದು ಹಸಿವಿಲ್ದೆ ಅಲ್ವಾ?"

ಅತ್ತೆ ಕಿಟಕಿಯ ಆಚೆ ನೋಡಿದರು.

"ಸದ್ದು ಹೋಯ್ತಲ್ಲ" ಅಂದರು. "ಇನ್ನೇನು, ಬಿಡು. ಹೋಗ್ಬಹುದಲ್ಲ ಈಗ ಅಕ್ಕನ ಮನೆಗೆ."

ಸಾಹೇಬರು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಇಲ್ಲದ ಧೂಳನ್ನು ಕನ್ನಡಿಯಿಂದ ಒರೆಸತೊಡಗಿದರು. ನಾನು ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಕಾರು ಕೆಟ್ಟಿದ್ದರೆ ಕಾರನ್ನು ರಿಪೇರಿ ಮಾಡಬೇಕು. ನಮ್ಮ ಅತ್ತೆ ಎರಡು ತಿಂಗಳಿಂದ ರಾತ್ರಿ ಹಸಿದು ಮಲಗಿ ತಮ್ಮನ್ನು ರಿಪೇರಿ ಮಾಡಿಕೊಂಡಿದ್ದರು.

ಕೊನೆಗೆ ಸಾಹೇಬರೇ ಗಂಟಲು ಸರಿಮಾಡಿಕೊಂಡು, "ಮೇಡಂ, ಆ ಚೀಲ ಭಾರ ಇದ್ಯಾ?" ಅಂತ ಕೇಳಿದರು. ನಾನು ಮೂಗು ಒರೆಸಿಕೊಂಡು ಚೀಲವನ್ನು ಎತ್ತಿ ಮುಂದೆ ಅತ್ತೆಯ ತೊಡೆ ಮೇಲೆ ಇಟ್ಟೆ. ಕಾರು ಹಂಪ್ ಹತ್ತಿತು, ಇಳಿಯಿತು.

ಲೊಟಕ್!

"ಬಂತು!" ಅಂತ ಸಾಹೇಬರು ಸ್ಟೇರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದರು. "ಸುಭಾನಲ್ಲಾ, ಎಷ್ಟು ಚೆನ್ನಾಗಿ ಬಂತು!"

ಗ್ಯಾರೇಜಿಗೆ ವಾಪಸ್ಸು ಬಂದು, ಕಾರನ್ನು ಎತ್ತದೆ, ಅತ್ತೆಯನ್ನೂ ಚೀಲವನ್ನೂ ಇಳಿಸದೆ, ಸಾಹೇಬರು ಮುಂದಿನ ಚಕ್ರದ ಪಕ್ಕ ನೆಲದ ಮೇಲೆ ಮಲಗಿ ಕೈ ಒಳಗೆ ಹಾಕಿದರು. "ಮೇಡಂ, ಬಾನೆಟ್ ಒತ್ತಿ ಒತ್ತಿ ಬಿಡಿ" ಅಂದರು. ಒತ್ತಿದೆ, ಬಿಟ್ಟೆ. ನಾಲ್ಕನೇ ಸಲಕ್ಕೆ, "ಸಿಕ್ತು, ಕೈಗೆ ಬಡೀತು" ಅಂದರು. ಬಾಲ್ ಜಾಯಿಂಟ್. ನಮ್ಮ ಭುಜದ ಕೀಲು ಇದ್ದ ಹಾಗೆ, ಬಟ್ಟಲಿನೊಳಗೆ ಗುಂಡು. ಚಕ್ರ ತಿರುಗುವುದೂ ಏಳುವುದೂ ಇಳಿಯುವುದೂ ಅದರ ಮೇಲೆ. ಅದು ಸವೆದು ಸಡಿಲವಾಗಿತ್ತು. ಕಾರನ್ನು ಎತ್ತಿದರೆ ಚಕ್ರ ನೇತಾಡಿ ಕೀಲು ಬಿಗಿದುಕೊಳ್ಳುತ್ತದೆ, ಅದಕ್ಕೇ ಕೋಲಾರದಲ್ಲಿ ಕಾಣಲಿಲ್ಲ. ನೆಲದ ಮೇಲೆ, ಭಾರ ಬಿದ್ದಾಗಲೇ ಹಿಡಿಯಬೇಕು.

"ಇನ್ನೊಂದಷ್ಟು ದಿನ ಹೀಗೇ ಓಡಿಸಿದ್ರೆ ಕಳಚ್ಕೊಂಡು ಚಕ್ರ ಮಡಚ್ಕೊಂಡ್ಬಿಡ್ತಿತ್ತು ಮೇಡಂ. ನೀವು ದಿನಾ ಒಬ್ರೇ ಹೋಗ್ತೀರಲ್ಲ, ನಿಮ್ಗೆ ಸದ್ದೂ ಬರ್ತಿರ್ಲಿಲ್ಲ. ಅಮ್ಮ ಕೂತಿದ್ದಕ್ಕೆ ಗೊತ್ತಾಯ್ತು."

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅಂದ್ರೆ, ನನ್ನಿಂದ ಕೆಟ್ಟಿದ್ದಲ್ವಾ ಅದು?"

"ಅಯ್ಯೋ ಇಲ್ಲಮ್ಮ! ಗಾಡಿ ಹಳೇದು. ನಿಮ್ಮಿಂದ ಮೇಡಂ ಜೀವ ಉಳೀತು."

"ಇನ್ನೊಂದ್ಸಲ ಹೇಳಪ್ಪ" ಅಂದರು ಅತ್ತೆ. "ಇವಳು ಸ್ವಲ್ಪ ಕಿವಿ ಮಂದ ಅಂತ ಮಾಲೂರಲ್ಲಿ ಹೇಳಿದ್ದಾರೆ."

ಸಾಹೇಬರು ಇನ್ನೊಂದು ಸಲ ಹೇಳಿದರು. ನಾನು ಕೇಳಿಸಿಕೊಂಡೆ.

ಹೊಸ ಕೀಲು ಕೂರಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಶ್ರೀನಿವಾಸಪುರದವರೆಗೆ ಅತ್ತೆ ಚೀಲವನ್ನು ತೊಡೆ ಮೇಲೇ ಇಟ್ಟುಕೊಂಡು ಬಂದರು, ಹಿಂದೆ ಇಡುತ್ತೇನೆ ಅಂದರೂ ಕೊಡಲಿಲ್ಲ. ಪ್ರತಿ ಹಂಪಿನಲ್ಲೂ ತಲೆ ಓರೆ ಮಾಡಿ ಕಿವಿಗೊಡುತ್ತಿದ್ದರು. ಒಂದು ಸಲವೂ ಸದ್ದಾಗಲಿಲ್ಲ.

ದೊಡ್ಡತ್ತೆ ಗೇಟಿನಲ್ಲೇ ನಿಂತಿದ್ದರು. ತಂಗಿ ಇಳಿದ ಕೂಡಲೇ ಮಣಿಕಟ್ಟು ಹಿಡಿದರು. ಬಳೆಗಳು ಸರ್ರನೆ ಹಿಂದಕ್ಕೆ ಜಾರಿದವು. ಹಿಡಿದ ಕೈಯನ್ನೂ ತಂಗಿಯ ಮುಖವನ್ನೂ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಏಮೇ, ಇಟ್ಲ ಅಯಿಪೋಯಿನಾವು? ಇಷ್ಟೊಂದು ಇಳ್ದೋಗಿದ್ದೀಯಲ್ಲೇ! ಸೊಸೆ ಊಟ ಹಾಕ್ತಾಳೋ ಇಲ್ವೋ?"

ನಾನು ಚೀಲ ಹಿಡಿದು ತಲೆ ತಗ್ಗಿಸಿ ನಿಂತೆ. ಹೇಳಲಿ, ಎಲ್ಲ ಹೇಳಲಿ, ಹೇಳಿಸಿಕೊಳ್ಳಬೇಕಾದವಳೇ ನಾನು ಅಂದುಕೊಂಡೆ.

"ಅವಳ್ಯಾಕೆ ಹಾಕಲ್ಲ ಅಕ್ಕ" ಅಂದರು ಅತ್ತೆ. "ಕಾರು ರಿಪೇರಿಗೆ ಅಂತ ಊರೂರು ಅಲೆದ್ವಲ್ಲ, ಬಿಸಿಲಿಗೆ ಸೊರಗಿದ್ದೀನಿ ಅಷ್ಟೆ. ನನ್ನನ್ನ ಇಲ್ಲಿಗೆ ಕರ್ಕೊಂಡು ಬರೋಕೆ ಇವಳು ಪಟ್ಟ ಪಾಡು ಕೇಳು ನೀನು."

ಎಲೆ ಹಾಕಿದರು. ಬಸ್ಸಾರು, ಮುದ್ದೆ. ಅತ್ತೆ ಮೊದಲ ಮುದ್ದೆಯನ್ನು ಎರಡು ತಿಂಗಳ ಹಸಿವೆಯಲ್ಲಿ ತಿಂದರು. ದೊಡ್ಡತ್ತೆ ಕೇಳದೆಯೇ ಇನ್ನೊಂದು ಮುದ್ದೆ ತಂದು ಎಲೆಯ ಮೇಲಿಟ್ಟರು. ಅತ್ತೆ ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿ, ಒಂದು ಸಲ ನನ್ನ ಮುಖ ನೋಡಿದರು. ಯಾರಿಗೂ ಹೆದರದ ಹೆಂಗಸು, ಮೊದಲ ದಿನ ಆ ಕಾರಿಗೆ ಹತ್ತಿದ್ದವರು, ಎರಡನೇ ಮುದ್ದೆಗೆ ನನ್ನ ಅಪ್ಪಣೆ ಕೇಳುತ್ತಿದ್ದರು. ನಾನು ಎದ್ದು ಹೋಗಿ ತುಪ್ಪದ ಗಿಂಡಿ ತಂದು ಮುದ್ದೆಯ ಮೇಲೆ ಹಾಕಿದೆ, ಅವರು ಸಾಕು ಅನ್ನುವವರೆಗೂ ಹಾಕಿದೆ. ಅವರು ಬಹಳ ಹೊತ್ತು ಸಾಕು ಅನ್ನಲಿಲ್ಲ.